ಮೂಲೆ ಸೀಟಿನ ತಗ್ಗು

ಸೋಫಾ ಎಂದೂ ಒಂದೇ ಸಮನಾಗಿ ಹಳೆಯದಾಗುವುದಿಲ್ಲ. ನಮ್ಮ ಮನೆಯದನ್ನೇ ನೋಡಿ. ಮೂವರು ಕೂರುವ ಉದ್ದದ ಸೋಫಾ ಒಂದು, ಒಬ್ಬೊಬ್ಬರು ಕೂರುವಂಥವು ಎರಡು. ಉದ್ದದ್ದರಲ್ಲಿ ಎಡಮೂಲೆಯ ಸೀಟು ಟಿವಿಗೆ ನೇರ, ಫ್ಯಾನಿನ ಕೆಳಗೆ, ಮೊಬೈಲ್ ಚಾರ್ಜರಿನ ಪ್ಲಗ್ಗಿಗೆ ಕೈ ಎಟುಕುವಷ್ಟು ಹತ್ತಿರ. ಬೆಳಿಗ್ಗೆ ಪೇಪರ್ ಓದುವಾಗ ಅದು ನನ್ನ ಗಂಡನ ಜಾಗ, ಅವರು ಆಫೀಸಿಗೆ ಹೋದ ಮೇಲೆ ನನ್ನದು, ಮಗಳು ಶಾಲೆಯಿಂದ ಬಂದ ಮೇಲೆ ಅವಳದು. ರಾತ್ರಿ ಆ ಜಾಗಕ್ಕೆ ಮೂವರದೂ ಜಗಳ. ನಡುವಿನ ಸೀಟಿನಲ್ಲಿ ಒಗೆದು ಒಣಗಿಸಿದ ಬಟ್ಟೆ ಮಡಿಸಲು ಕಾಯುತ್ತಾ ಕೂತಿರುತ್ತದೆ, ಮನುಷ್ಯರು ಕೂರುವುದು ಅಪರೂಪ. ಒಂಟಿ ಸೋಫಾಗಳಂತೂ ನೆಂಟರಿಗೆ ಮೀಸಲು. ಹೀಗಾಗಿ ಎಡಮೂಲೆ ಅಂಗೈ ಆಳ ತಗ್ಗಾಗಿ, ಕೂತರೆ ತಳದ ಪಟ್ಟಿ ಚುಚ್ಚುವಷ್ಟಾದಾಗಲೂ ಒಂಟಿ ಸೋಫಾಗಳ ಸೀಟು ಅಂಗಡಿಯಿಂದ ಬಂದ ದಿನದ ಉಬ್ಬನ್ನೇ ಉಳಿಸಿಕೊಂಡಿದ್ದವು.

ಊರಿಂದ ಬಂದ ಅಮ್ಮ ಮೊದಲ ದಿನವೇ ಆ ಮೂಲೆಯಲ್ಲಿ ಕೂತು, ಏಳಲು ಹೋಗಿ, ಮತ್ತೆ ಕೂತರು. "ಏನವಾ ಇದು, ಕುಂತ್ರ ಏಳಾಕ ಆಗವಲ್ದಲ್ಲ" ಎಂದು ಕೈ ಚಾಚಿದರು. ಮಂಡಿ ನೋವಿನವರಿಗೆ ತಗ್ಗಿದ ಸೋಫಾ ದೊಡ್ಡ ಶಿಕ್ಷೆ. ಸೀಟು ಎರಡು ಇಂಚು ಕೆಳಗಿಳಿದರೆ ಏಳುವಾಗ ಮಂಡಿಯ ಮೇಲೆ ಬೀಳುವ ಭಾರ ಎಷ್ಟು ಹೆಚ್ಚುತ್ತದೆ ಎನ್ನುವುದು ನಮ್ಮ ವಯಸ್ಸಿನವರಿಗೆ ಅರ್ಥವಾಗುವುದಿಲ್ಲ. ಅಮ್ಮ ಮರುದಿನದಿಂದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸೋಫಾದ ಪಕ್ಕ ಕೂರತೊಡಗಿದರು.

ಗಂಡ ಎಕ್ಸ್‌ಚೇಂಜ್ ಆಫರಿನ ಜಾಹೀರಾತು ತೋರಿಸಿದರು. ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಇಷ್ಟು ಸಾವಿರ ಕಡಿಮೆ. ಅಂಗಡಿಗೂ ಹೋದೆವು. ನಮ್ಮ ಸೋಫಾದ ಫೋಟೋ ನೋಡಿದ ಹುಡುಗ "ಇದನ್ನೆಲ್ಲ ರಿಪೇರಿ ಮಾಡಿಸಕ್ಕಾಗಲ್ಲ ಮೇಡಂ, ಕೊಟ್ಬಿಡಿ" ಅಂದ. ಅವನ ಕೆಲಸ ಅದು, ಅನ್ನಲೇಬೇಕು. ನನ್ನನ್ನು ಕೊರೆಯತೊಡಗಿದ್ದು ಮಾತ್ರ ಬೇರೆ ಲೆಕ್ಕ: ಐದು ಸೀಟಿನಲ್ಲಿ ಕೆಟ್ಟಿರುವುದು ಒಂದು, ಬಹಳವೆಂದರೆ ಒಂದೂವರೆ. ಮರದ ಚೌಕಟ್ಟು ಗಟ್ಟಿಯಾಗಿದೆ, ಕಾಲು ಅಲ್ಲಾಡುವುದಿಲ್ಲ, ಬೆನ್ನು ಚೆನ್ನಾಗಿದೆ. ನಾಲ್ಕು ಇಂಚು ದಪ್ಪದ ಒಂದು ತುಂಡು ಸ್ಪಂಜು ಸತ್ತಿದ್ದಕ್ಕೆ ಇಷ್ಟನ್ನೂ ಹೊತ್ತು ಹಾಕುವುದೆಂದರೇನು? ನಮ್ಮ ಬಡಾವಣೆಯ ಕೊನೆಯ ಖಾಲಿ ಸೈಟಿನಲ್ಲಿ ಮಳೆಯಲ್ಲಿ ನೆನೆಯುತ್ತಾ ಬಿದ್ದಿರುವ ಸೋಫಾಗಳನ್ನು ನೀವೂ ನಿಮ್ಮ ಕಡೆ ನೋಡಿರುತ್ತೀರಿ. ಹತ್ತಿರ ಹೋಗಿ ನೋಡಿದರೆ ಬಹುಪಾಲಿನ ಚೌಕಟ್ಟು ನೆಟ್ಟಗೇ ಇರುತ್ತದೆ.

ಬೋರಲು ಹಾಕಿ ನೋಡಿದಾಗ

ಸೋಫಾ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವ ವಸ್ತುವಿನಲ್ಲಿ ನಾಲ್ಕು ಆಯಸ್ಸುಗಳಿವೆ. ಮರದ ಚೌಕಟ್ಟಿಗೆ ಗೆದ್ದಲು, ನೀರು ತಾಗದಿದ್ದರೆ ಒಂದು ತಲೆಮಾರು ಬರುತ್ತದೆ. ಅದರ ಮೇಲೆ ಬಿಗಿದ ಪಟ್ಟಿಯದು ಅಥವಾ ಸ್ಪ್ರಿಂಗಿನದು ಅದಕ್ಕಿಂತ ಕಡಿಮೆ. ಸ್ಪಂಜಿನದು ಇನ್ನೂ ಕಡಿಮೆ. ಹೊರಬಟ್ಟೆಯದು ಮನೆಯಲ್ಲಿ ಮಕ್ಕಳು, ಬೆಕ್ಕು ಎಷ್ಟಿವೆ ಎನ್ನುವುದರ ಮೇಲೆ. ಎಲ್ಲಕ್ಕಿಂತ ಮೊದಲು ಸಾಯುವುದು ಯಾವುದೋ ಅದರ ಜೊತೆ ಉಳಿದ ಮೂರನ್ನೂ ಸಾಗಹಾಕುವುದು ನಮಗೆ ಅಭ್ಯಾಸವಾಗಿದೆ.

ತಗ್ಗು ಬಿದ್ದದ್ದು ಸ್ಪಂಜಿನಿಂದಲೋ ತಳದಿಂದಲೋ ಎಂದು ತಿಳಿಯುವುದು ಬಹಳ ಸುಲಭ. ಕುಶನ್ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಕೂರಬೇಕು. ನೆಲದ ಗಟ್ಟಿ ಪೃಷ್ಠಕ್ಕೆ ತಗುಲಿದರೆ ಸ್ಪಂಜು ಹೋಗಿದೆ. ಅಲ್ಲಿ ಚೆನ್ನಾಗಿಯೇ ಇದ್ದು ಸೋಫಾದ ಮೇಲೆ ಮಾತ್ರ ಕುಸಿದರೆ ತಪ್ಪು ತಳದ್ದು. ನಮ್ಮದರಲ್ಲಿ ಎರಡೂ ಇತ್ತು. ಒಂದು ಭಾನುವಾರ ಟೀಪಾಯಿ ಸರಿಸಿ, ಚಾಪೆ ಹಾಸಿ, ಗಂಡ ಹೆಂಡತಿ ಸೇರಿ ಸೋಫಾವನ್ನು ಬೋರಲು ಹಾಕಿದೆವು. ಮೊದಲು ಉದುರಿದ್ದು ನಮ್ಮ ಸಂಸಾರದ ಇತಿಹಾಸ: ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯಗಳು, ಪೆನ್ನಿನ ಮುಚ್ಚಳ, ಕೂದಲ ಕ್ಲಿಪ್ಪು, ಮುರುಕಿನ ಚೂರು, ಕೆಲಸದವಳ ಮೇಲೆ ಅನುಮಾನ ಪಟ್ಟು ಆಮೇಲೆ ಮರೆತಿದ್ದ ಒಂದು ಬೆಳ್ಳಿ ಕಾಲ್ಗೆಜ್ಜೆಯ ಕೊಂಡಿ. (ಆ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ.) ಅಡಿಗೆ ಪಿನ್ನು ಹೊಡೆದ ತೆಳ್ಳನೆಯ ಕಪ್ಪು ಬಟ್ಟೆಯೊಂದಿರುತ್ತದೆ. ಅದು ಧೂಳಿಗೆ, ಕಣ್ಣಿಗೆ ಮರೆ ಅಷ್ಟೇ, ಭಾರ ಹೊರುವ ಕೆಲಸ ಅದಕ್ಕಿಲ್ಲ. ಸ್ಕ್ರೂಡ್ರೈವರಿನಿಂದ ಪಿನ್ನುಗಳನ್ನು ಮೀಟಿ ಒಂದು ಬದಿ ಬಿಚ್ಚಿದರೆ ಒಳಗೆಲ್ಲ ಕಾಣುತ್ತದೆ. ಎಡಮೂಲೆಯ ಕೆಳಗೆ ಹೆಣೆದಿದ್ದ ಎಲಾಸ್ಟಿಕ್ ಬೆಲ್ಟುಗಳಲ್ಲಿ ಎರಡು ಚೌಕಟ್ಟಿನಿಂದ ಕಿತ್ತು ನೇತಾಡುತ್ತಿದ್ದವು, ಉಳಿದವು ಜೋಲು ಬಿದ್ದಿದ್ದವು. ಅಂದರೆ ಆ ಮೂಲೆಯಲ್ಲಿ ಕೂತವರನ್ನು ಹೊತ್ತಿದ್ದದ್ದು ಬರೀ ಸ್ಪಂಜು. ತಳ ಜೋಲಿದ ಮೇಲೆ ಸ್ಪಂಜು ಬಾಗಿ ಬಾಗಿ ಬೇಗ ಸಾಯುತ್ತದೆ. ಇದನ್ನು ನೋಡದೆ ಬರೀ ಸ್ಪಂಜು ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಬೆಲ್ಟು ಬದಲಿಸುವುದು ಇಡೀ ರಿಪೇರಿಯಲ್ಲಿ ಅತಿ ಅಗ್ಗದ ಕೆಲಸ. ಅದೂ ಬೇಡ ಎನ್ನುವವರು ಸೀಟಿನ ಅಳತೆಯ ಪ್ಲೈವುಡ್ ತುಂಡನ್ನು ಕುಶನ್ನಿನ ಕೆಳಗೆ ಇಡುತ್ತಾರೆ. ಬಾಡಿಗೆ ಮನೆಯ ಹುಡುಗರ ರೂಮುಗಳಲ್ಲಿ ಇದನ್ನು ಬಹಳ ನೋಡಿದ್ದೇನೆ. ಕೆಲಸ ನಡೆಯುತ್ತದೆ. ಆದರೆ ಹಲಗೆಗೆ ಬಾಗುವ ಗುಣ ಇಲ್ಲದ್ದರಿಂದ ಪೂರ್ತಿ ಒತ್ತಡ ಸ್ಪಂಜಿನ ಮೇಲೇ ಬೀಳುತ್ತದೆ, ಕೂತವರಿಗೂ ಬೆಂಚಿನ ಅನುಭವ. ಸ್ವಲ್ಪ ದಿನದ ಮಟ್ಟಿಗೆ ಸರಿ ಅಂದುಕೊಳ್ಳಬಹುದು.

ನದಾಫ ಕಾಕಾನ ಬಿಲ್ಲು

ನನ್ನ ತವರು ಗದಗ ಸೀಮೆ. ಅಲ್ಲಿನ ಎರಿ ಹೊಲಗಳಲ್ಲಿ ಆಗ ಜಯಧರ ಹತ್ತಿ ಬೆಳೆಯುತ್ತಿದ್ದರು. ಮನೆಯಲ್ಲಿ ಸೋಫಾ ಇರಲಿಲ್ಲ. ಪಡಸಾಲೆಯಲ್ಲಿ ಒಂದು ಗಾದಿ, ಅದರ ಮೇಲೆ ಜಮಖಾನ, ಗೋಡೆಗೆ ಎರಡು ಲೋಡು. ಅಜ್ಜ, ಬಂದವರು, ಲೆಕ್ಕ ಬರೆಯುವವರು ಎಲ್ಲರೂ ಅದರ ಮೇಲೇ. ಆ ಗಾದಿಯಲ್ಲೂ ತಗ್ಗು ಬೀಳುತ್ತಿತ್ತು, ಅಜ್ಜ ಕೂರುವ ಕಡೆಯೇ ಬೀಳುತ್ತಿತ್ತು. ಅರಳೆ ಗಂಟುಗಂಟಾಗಿ, ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬರೀ ಬಟ್ಟೆ ಎನ್ನುವ ಹಾಗಾದಾಗ ಅಜ್ಜಿ "ನದಾಫಗ ಹೇಳಿ ಕಳಸ್ರಿ" ಅನ್ನುತ್ತಿದ್ದಳು.

ಅರಳೆ ಹಿಂಜಿ ಗಾದಿ ಹೊಲಿಯುವ ನದಾಫರು ಬರುವುದು ಬೇಸಿಗೆಯಲ್ಲೇ. ಮಳೆಗಾಲದಲ್ಲಿ ಅರಳೆ ಹಸಿ ಹಿಡಿಯುತ್ತದೆ, ಹಿಂಜಲು ಬರುವುದಿಲ್ಲ. ನಮಗೆಲ್ಲ ಅವರು ನದಾಫ ಕಾಕಾ. ಹೆಗಲ ಮೇಲೆ ಅವರಿಗಿಂತ ಉದ್ದದ ಬಿಲ್ಲು, ಕೈಯಲ್ಲಿ ಕಟ್ಟಿಗೆಯ ಗುಂಡು. ಹಿತ್ತಲ ಕಡೆಯ ಕೋಣೆಯಲ್ಲಿ ಗಾದಿಯ ಹೊಲಿಗೆ ಬಿಚ್ಚಿ, ಅರಳೆಯನ್ನೆಲ್ಲ ನೆಲಕ್ಕೆ ಸುರಿದು, ಬಿಲ್ಲಿನ ಹುರಿಯನ್ನು ಅದಕ್ಕೆ ತಾಗಿಸಿ ಗುಂಡಿನಿಂದ ಹೊಡೆದರೆ ಟೊಂಯ್ ಟೊಂಯ್ ಎನ್ನುವ ಸದ್ದು ಓಣಿಯ ತುದಿಯವರೆಗೂ ಕೇಳುತ್ತಿತ್ತು. ಹುರಿ ಅದುರಿದ ಹಾಗೆಲ್ಲ ಗಂಟು ಬಿಚ್ಚಿ ಅರಳೆ ಎಳೆಎಳೆಯಾಗಿ ಮೇಲೆ ಹಾರುತ್ತಿತ್ತು, ಧೂಳು ಕೆಳಗೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಮಟ್ಟದ ರಾಶಿ ಎದೆಯ ಮಟ್ಟಕ್ಕೆ ಬಂದಿರುತ್ತಿತ್ತು. ಅದರೊಳಗೆ ಬೀಳಬೇಕೆಂದು ನಮಗೆ ಆಸೆ, ಹತ್ತಿರ ಹೋದರೆ ಬೈಗುಳ. ಕಾಕಾನ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿತ್ತು. ಆ ದಿನಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಯಾರಿಗೂ ಹೊಳೆದಿರಲಿಲ್ಲ. ಇಡೀ ಆಯುಷ್ಯ ಆ ಧೂಳು ಕುಡಿದವರ ಎದೆಯ ಗತಿ ಏನಾಗಿರಬೇಕು ಎಂದು ಈಗ ಅನಿಸುತ್ತದೆ, ಆಗ ಅನಿಸಿರಲಿಲ್ಲ.

ಒಮ್ಮೆ ಅಜ್ಜಿ, ಈ ಅರಳೆ ಬಹಳ ಹಳೆಯದಾಯಿತು, ಎಸೆದು ಹೊಸದನ್ನೇ ತುಂಬಿಸೋಣವೇ ಎಂದು ಕೇಳಿದಳು. ಕಾಕಾ ಒಂದು ಹಿಡಿ ಎತ್ತಿ ಎಳೆದು ನೋಡಿ, "ಅವ್ವಾರ, ಇದೇನ್ ಸತ್ತಿಲ್ರಿ, ಮಕ್ಕೊಂಡೈತಿ ಅಷ್ಟ. ಎಬ್ಬಸ್ತೀನಿ" ಅಂದರು. ಹೊಸ ಅರಳೆ ಸ್ವಲ್ಪ ಬೆರೆಸಿದರು, ಬಹುಪಾಲು ಹಳೆಯದೇ. ಗವುಸಿಗೆ ತುಂಬಿ, ಉದ್ದನೆಯ ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಳದಿಂದ ಆರುಪಾರು ಹೊಲಿಗೆ ಹಾಕಿದರು. ಆ ಹೊಲಿಗೆಗಳು ಅಂದಕ್ಕಲ್ಲ, ಒಳಗಿನ ಅರಳೆ ಜಾಗ ಬಿಟ್ಟು ಸರಿಯದಂತೆ ಹಿಡಿಯಲು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಬಿಲ್ಲು ಹೋಗಿ ಕರೆಂಟಿನ ಮಷಿನ್ನು ಬಂದಿತ್ತು. ಗಾದಿಯನ್ನು ಸೈಕಲ್ಲಿನ ಮೇಲೋ ಟಂಟಂ ಮೇಲೋ ಹಾಕಿಕೊಂಡು ಪ್ಯಾಟಿಯ ಗಾದಿ ಕಾರ್ಖಾನೆಗೆ ಒಯ್ಯಬೇಕಿತ್ತು. ಸದ್ದು ಬದಲಾಯಿತು, ಕೆಲಸದ ಬಗೆ ಅದೇ: ಬಿಚ್ಚು, ಹಿಂಜು, ಮತ್ತೆ ತುಂಬು.

ಅಜ್ಜಿಯ ಕಾಲದ ಖರ್ಚಿನ ಲೆಕ್ಕವನ್ನು ಈಗ ಹಾಕಿದರೆ ತಮಾಷೆಯೆನಿಸುತ್ತದೆ. ಗಾದಿಗೆ ಅವರು ಕೊಡುತ್ತಿದ್ದ ಹಣದಲ್ಲಿ ಹೆಚ್ಚಿನದು ಕೂಲಿ, ಸಾಮಾನಿನದು ಚಿಲ್ಲರೆ. ಸಾಮಾನು ಮನೆಯಲ್ಲೇ ಇತ್ತು, ಅದಕ್ಕೆ ಮತ್ತೆ ಜೀವ ತುಂಬುವ ಕೈಗಳಿಗೆ ಹಣ ಹೋಗುತ್ತಿತ್ತು. ಹೊಸ ಸೋಫಾ ಕೊಳ್ಳುವಾಗ ನಾವು ಕೊಡುವುದು ಅದಕ್ಕೆ ತಿರುಗಾಮುರುಗಾ: ಇರುವ ಮರಕ್ಕೇ ಮತ್ತೆ ಮರದ ದುಡ್ಡು, ಇರುವ ಬೆನ್ನಿಗೇ ಮತ್ತೆ ಬೆನ್ನಿನ ದುಡ್ಡು, ಜೊತೆಗೆ ಷೋರೂಮಿನ ಬಾಡಿಗೆ, ಸಾಗಣೆ, ಕಂತಿನ ಬಡ್ಡಿ.

ಸ್ಪಂಜಿಗೆ ಬಿಸಿಲು ಆಗಿಬರುವುದಿಲ್ಲ

ಹಾಗೆಂದು ಸ್ಪಂಜನ್ನು ಅರಳೆಯ ಹಾಗೆ ಎಬ್ಬಿಸಲು ಸಾಧ್ಯವಿಲ್ಲ, ಅಲ್ಲೇ ತೊಡಕಿರುವುದು. ಸೋಫಾದ ಸ್ಪಂಜು ಎಂದರೆ ಪಾಲಿಯುರೆಥೇನ್ ಫೋಮು. ಆ ರಸಾಯನವನ್ನು 1937ರಲ್ಲಿ ಜರ್ಮನಿಯಲ್ಲಿ ಒಟ್ಟೋ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದರು. ಕೂರಲು, ಮಲಗಲು ಬೇಕಾದ ಮೆತ್ತನೆಯ ಫೋಮು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಪೆಟ್ರೋಲಿಯಂ ಮೂಲದ ಎರಡು ದ್ರವಗಳನ್ನು ಸ್ವಲ್ಪ ನೀರಿನ ಜೊತೆ ಬೆರೆಸಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ, ರಾತ್ರಿಯಿಡೀ ಇಟ್ಟ ದೋಸೆ ಹಿಟ್ಟು ಉಬ್ಬುವ ಹಾಗೆ ಉಬ್ಬುತ್ತದೆ, ಆದರೆ ನಿಮಿಷಗಳಲ್ಲಿ. ಉಬ್ಬಿದ ಮೇಲೆ ಹಾಗೇ ಗಟ್ಟಿಗೊಳ್ಳುತ್ತದೆ. ಆ ದೊಡ್ಡ ದಿಮ್ಮಿಯನ್ನು ಹಾಳೆಹಾಳೆಯಾಗಿ ಕೊಯ್ದದ್ದೇ ನಮ್ಮ ಸೀಟು. ಅದರ ಪುಟಿತವೆಲ್ಲ ಸೂಕ್ಷ್ಮ ಗೂಡುಗಳ ಗೋಡೆಗಳಲ್ಲಿದೆ. ಕೂತು ಕೂತು ಆ ಗೋಡೆಗಳು ಬಳಲಿ ಮುರಿದರೆ ಮುಗಿಯಿತು. ಬಡಿದರೂ, ಒಗೆದರೂ, ಇಸ್ತ್ರಿಯ ಹಬೆ ಕೊಟ್ಟರೂ ಆ ಗೂಡು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಹಬೆ ಕೊಟ್ಟರೆ ಉಬ್ಬುತ್ತದೆ ಎಂದು ತೋರಿಸುವ ವಿಡಿಯೋಗಳಿವೆ. ಒತ್ತಿ ಹಿಡಿದು ಸುಕ್ಕಾದ ಹೊರಹೊದಿಕೆಯ ಹತ್ತಿ ಅಥವಾ ರೆಕ್ರಾನ್ ಎನ್ನುವ ಪಾಲಿಯೆಸ್ಟರ್ ನಾರು ಕೊಂಚ ಅರಳಬಹುದು, ಮುರಿದ ಫೋಮು ಅರಳುವುದಿಲ್ಲ.

ಇದನ್ನು ಅಮ್ಮನಿಗೆ ಒಪ್ಪಿಸುವುದು ಮಾತ್ರ ಕಷ್ಟ. ಸೋಫಾ ತಗ್ಗಿದ್ದು ಕಂಡ ಮೇಲೆ ಅಮ್ಮನಿಗೆ ಹೊಳೆದ ಮೊದಲ ಮದ್ದು ಬಿಸಿಲು. ನಾನಿಲ್ಲದಾಗ ಕವರು ಬಿಚ್ಚಿ, ಏಪ್ರಿಲ್ ತಿಂಗಳ ತಾರಸಿಯ ಮೇಲೆ ಸ್ಪಂಜುಗಳನ್ನು ಸಾಲಾಗಿ ಹರಡಿ, ಕಾಗೆ ಕೂರದಂತೆ ಕಾವಲೂ ಕೂತಿದ್ದರು. ಅರಳೆಗೆ ಅದು ಸರಿಯಾದ ಚಿಕಿತ್ಸೆ. ಬಿಸಿಲು ಹಸಿ ಹೀರುತ್ತದೆ, ತಿಗಣೆ ಓಡಿಸುತ್ತದೆ, ಎಳೆ ಅರಳಿಸುತ್ತದೆ. ಫೋಮಿಗೆ ಅದೇ ಬಿಸಿಲು ವಿಷ. ಅತಿನೇರಳೆ ಕಿರಣಕ್ಕೆ ಅದರ ಮೇಲ್ಮೈ ಹಳದಿಯಾಗಿ, ಬಿರುಸಾಗಿ, ಕೊನೆಗೆ ಬೆರಳಿಗೆ ಪುಡಿ ಹತ್ತುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿದರೆ ಸಾಕು. ಇಷ್ಟನ್ನೆಲ್ಲ ಹೇಳಿದ ಮೇಲೆ ಅಮ್ಮ, "ಬಿಸಲಿಗೆ ಹಾಕಬಾರದಂದ್ರ ಅದೆಂಥಾ ಹಾಸಗಿನವಾ" ಎಂದು ಸೆರಗು ಕೊಡವಿ ಎದ್ದು ಹೋದರು. ನನ್ನಲ್ಲಿ ಉತ್ತರವಿರಲಿಲ್ಲ. ನೂರಾರು ವರ್ಷದ ಬುದ್ಧಿ ಒಂದು ಕಡೆ, ಎಪ್ಪತ್ತು ವರ್ಷದ ಸಾಮಾನು ಇನ್ನೊಂದು ಕಡೆ.

ಸೀಟಿಗೂ ಅರಳೆಯನ್ನೇ ತುಂಬಿಸಬಾರದೇಕೆ ಎನ್ನುವ ಯೋಚನೆ ಬಂತು. ತುಂಬಿಸಬಹುದು, ಕೆಲವರು ತುಂಬಿಸುತ್ತಾರೆ. ಆದರೆ ಅರಳೆಯ ಸೀಟು ಭಾರ, ಬೇಗ ಗಟ್ಟಿಯಾಗುತ್ತದೆ, ವರ್ಷಕ್ಕೊಮ್ಮೆಯಾದರೂ ಹಿಂಜಿಸಬೇಕು, ಬೆಂಗಳೂರಿನ ನಮ್ಮ ಕಡೆ ಹಿಂಜುವವರೇ ಅಪರೂಪ. ಬೂರುಗದ ಹತ್ತಿ ದಿಂಬಿಗೆ ಚೆಂದ, ಕೂರುವ ಭಾರಕ್ಕೆ ಆಗದು. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡಿದ ಶೀಟುಗಳು ಗಟ್ಟಿ, ಗಾಳಿಯಾಡುತ್ತವೆ, ಅಡಿಯ ಪದರಕ್ಕೆ ಒಳ್ಳೆಯವು. ಮೇಲೆ ಮೆತ್ತಗೆ ಏನಾದರೂ ಬೇಕೇ ಬೇಕು. ಸುತ್ತಿ ಬಳಸಿ ಮತ್ತೆ ಫೋಮಿಗೇ ಬಂದೆ.

ಕುಶನ್ ಅಂಗಡಿಯಲ್ಲಿ ಕಲಿತದ್ದು

ನಮ್ಮ ಮನೆಯಿಂದ ಎರಡು ಬೀದಿಯಾಚೆ, ಹೊಲಿಗೆ ಮಷಿನ್ ಹೊರಗಿಟ್ಟುಕೊಂಡು, ಅರ್ಧ ಬಿಚ್ಚಿದ ಸೋಫಾಗಳನ್ನು ಫುಟ್‌ಪಾತಿನ ಮೇಲೆ ಹರಡಿಕೊಂಡ ಒಂದು ಕುಶನ್ ಅಂಗಡಿಯಿದೆ. ಇಂಥ ಅಂಗಡಿ ಇಲ್ಲದ ಬಡಾವಣೆ ಇಲ್ಲ. ಅದರ ಭಾಯ್ ಆಟೋ ಸೀಟಿನಿಂದ ಹಿಡಿದು ದಂತವೈದ್ಯರ ಕುರ್ಚಿಯವರೆಗೆ ಎಲ್ಲಕ್ಕೂ ಸೂಜಿ ಹಾಕಿದವರು. ಫೋಮು ಕೊಳ್ಳುವ ವಿದ್ಯೆಯನ್ನು ನಾನು ಕಲಿತದ್ದು ಅಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು.

ಮೊದಲ ಪಾಠ ಡೆನ್ಸಿಟಿಯದು. 23, 28, 32, 40 ಎಂದು ಹೇಳುತ್ತಾರಲ್ಲ, ಅದು ಗಟ್ಟಿತನದ ಅಂಕಿ ಎಂದುಕೊಂಡಿದ್ದೆ. ಅಲ್ಲ, ಒಂದು ಘನ ಮೀಟರ್ ಫೋಮಿನಲ್ಲಿ ಎಷ್ಟು ಕಿಲೋ ಸಾಮಾನಿದೆ ಎನ್ನುವ ಲೆಕ್ಕ. ಸಾಮಾನು ಹೆಚ್ಚಿದ್ದಷ್ಟೂ ಗೂಡಿನ ಗೋಡೆ ಬಾಳಿಕೆ ಬರುತ್ತದೆ. ಗಟ್ಟಿ ಮೆತ್ತ ಎನ್ನುವುದು ಬೇರೆಯದೇ ಗುಣ. 23ರದ್ದನ್ನೂ ಗಟ್ಟಿಯಾಗಿ ಮಾಡಬಹುದು, 40ರದ್ದನ್ನೂ ಮೆತ್ತಗೆ ಮಾಡಬಹುದು. ಆದ್ದರಿಂದ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಇವತ್ತಿನ ಸುಖ ತಿಳಿಯುತ್ತದೆ, ಮೂರು ವರ್ಷದ ನಂತರದ್ದು ತಿಳಿಯುವುದಿಲ್ಲ. ದಿನಾ ಕೂರುವ ಸೀಟಿಗೆ 32ಕ್ಕಿಂತ ಕಡಿಮೆ ಬೇಡ, ಸಾಧ್ಯವಾದರೆ 40 ಹಾಕಿ. ಬೆನ್ನಿಗೆ ಅಷ್ಟು ಭಾರ ಬೀಳುವುದಿಲ್ಲ, ಕಡಿಮೆಯದು ಸಾಕು. ದುಡ್ಡು ಉಳಿಸುವ ಜಾಗ ಅದೇ.

ಹೇಳಿದ ಡೆನ್ಸಿಟಿಯನ್ನೇ ಕೊಟ್ಟಿದ್ದಾರೆಯೇ ಎಂದು ನೋಡಲು ತಕ್ಕಡಿ ಸಾಕು. ಎರಡಡಿಗೆ ಎರಡಡಿ, ನಾಲ್ಕು ಇಂಚು ದಪ್ಪದ ಸೀಟು 40ರದ್ದಾದರೆ ಒಂದೂವರೆ ಕಿಲೋ ತೂಗಬೇಕು, 32ರದ್ದಾದರೆ 1.2 ಕಿಲೋ, 23ರದ್ದು 900 ಗ್ರಾಂ ಒಳಗೇ. ಈ ಲೆಕ್ಕವನ್ನು ನಾನು ಮನೆಯಲ್ಲಿ ಕಾಗದದ ಮೇಲೆ ಹಾಕಿಕೊಂಡು ಹೋಗಿ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಭಾಯ್ ಬೇಸರ ಮಾಡಿಕೊಳ್ಳಲಿಲ್ಲ, ನಕ್ಕರು. "ತೂಕ ನೋಡಿ ಮೇಡಂ, ಆದ್ರೆ ತೂಕ ಒಂದೇ ನಂಬ್ಬೇಡಿ. ಪೌಡರ್ ಹಾಕಿ ತೂಕ ಬರಿಸೋರೂ ಇದಾರೆ" ಅಂದರು. ಸುಣ್ಣಕಲ್ಲಿನ ಪುಡಿ ಬೆರೆಸಿದ ಫೋಮು ತೂಗುತ್ತದೆ, ಬಾಳುವುದಿಲ್ಲ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಬಿಟ್ಟಾಗ ತಕ್ಷಣ ಮೂಲ ಆಕಾರಕ್ಕೆ ಬರಬೇಕು, ಉಜ್ಜಿದರೆ ಪುಡಿ ಉದುರಬಾರದು, ಶೀಟಿನ ಮೇಲೆ ಕಂಪನಿಯ ಗುರುತು ಇರಬೇಕು. ಇಷ್ಟು ನೋಡಿದರೆ ಬಹುಮಟ್ಟಿಗೆ ಮೋಸ ಹೋಗುವುದಿಲ್ಲ.

ಎರಡನೆಯ ಪಾಠ ಕೊಯ್ಯುವ ಅಳತೆಯದು. ಕವರು ಎಷ್ಟಿದೆಯೋ ಅಷ್ಟೇ ಕೊಯ್ದರೆ ಮೂಲೆಗಳು ಸೊರಗಿ ಸುಕ್ಕು ಬೀಳುತ್ತವೆ. ಅರ್ಧ ಇಂಚು ದೊಡ್ಡದಾಗಿ ಕೊಯ್ದು, ಸುತ್ತ ರೆಕ್ರಾನ್ ಶೀಟು ಹೊದಿಸಿ, ಒತ್ತಿ ತುರುಕಿದರೆ ಕವರು ಬಿಗಿಯುತ್ತದೆ. ಅಮ್ಮನ ಮಂಡಿಯ ವಿಷಯ ಹೇಳಿದಾಗ ಆರು ಇಂಚಿನ ಫೋಮು ಹಾಕಿಸೋಣವೇ ಎಂದು ಕೇಳಿದೆ. ಬೇಡ ಅಂದರು. ಕವರಿಗೆ ಹೋಗುವುದಿಲ್ಲ, ಕೈ ಇಡುವ ತೋಳು ತಗ್ಗಾಗಿ ಬಿಡುತ್ತದೆ. ಅದರ ಬದಲು ಕುಶನ್ನಿನ ಕೆಳಗೆ, ಬೆಲ್ಟಿನ ಮೇಲೆ, ಒಂದು ಇಂಚಿನ ರೀಬಾಂಡೆಡ್ ಶೀಟು ಹಾಸಿದರು. ಫೋಮು ಕೊಯ್ದಾಗ ಉಳಿಯುವ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡುವ ಬಣ್ಣಬಣ್ಣದ ಶೀಟು ಅದು. ಕಲ್ಲಿನಷ್ಟಲ್ಲದಿದ್ದರೂ ಗಟ್ಟಿ, ಬೆಲೆಯೂ ಕಡಿಮೆ. ಸೀಟು ಮೇಲೆದ್ದಿತು, ಬೆಲ್ಟಿನ ಗೆರೆ ಫೋಮಿಗೆ ಮೂಡುವುದೂ ತಪ್ಪಿತು.

ಭಾಯ್ ಮತ್ತು ನನಗೆ ಒಮ್ಮತವಾಗದ್ದು ಒಂದೇ ವಿಷಯದಲ್ಲಿ. ಪೂರ್ತಿ ಮಾಡಿಸಿ, ಐದೂ ಸೀಟು, ಬಟ್ಟೆ ಸಮೇತ ಎನ್ನುವುದು ಅವರ ವಾದ. ಒಂದೆರಡು ಸೀಟಿನ ಬಿಡಿ ಕೆಲಸದಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ, ಅದು ನನಗೂ ಗೊತ್ತು. ಅವರು ಕೊಟ್ಟ ಕಾರಣ ಮಾತ್ರ ಸುಳ್ಳಲ್ಲ: ಒಂದನ್ನೇ ಬದಲಿಸಿದರೆ ಅದೊಂದೇ ಗುಡ್ಡದ ಹಾಗೆ ಎದ್ದು ಕಾಣುತ್ತದೆ, ಮನೆಯವರು ಬಂದು ಜಗಳ ತೆಗೆಯುತ್ತಾರೆ. ಕೊನೆಗೆ ಆದ ಒಪ್ಪಂದ ಹೀಗೆ. ಉದ್ದದ ಸೋಫಾದ ಎರಡು ಮೂಲೆಗೆ 40ರ ಹೊಸ ಫೋಮು. ನಡುವಿನ ಫೋಮು ಹಳೆಯದೇ, ಆದರೆ ಅದಕ್ಕೆ ರೆಕ್ರಾನ್ ಇನ್ನೊಂದು ಸುತ್ತು ಹೊದಿಸಿ ಎತ್ತರ ಸಮ ಮಾಡುವುದು. ಒಂಟಿ ಸೋಫಾಗಳನ್ನು ಮುಟ್ಟುವುದೇ ಬೇಡ. ಸೀಟಿಗೆ ಸಾವಿರದ ಆಸುಪಾಸು ಫೋಮು, ಅದರ ಮೇಲೆ ಬೆಲ್ಟು, ಕೂಲಿ. ಎಲ್ಲ ಸೇರಿದರೂ ಎಕ್ಸ್‌ಚೇಂಜ್ ಆಫರಿನವರು "ಕಡಿಮೆ ಮಾಡಿದ್ದೀವಿ" ಎಂದ ಮೊತ್ತದಷ್ಟೂ ಆಗಲಿಲ್ಲ.

ಬಟ್ಟೆ ಬದಲಿಸುವವರಿಗೆ ಒಂದು ಮಾತು. 54 ಇಂಚು ಅಗಲದ ಸೋಫಾ ಬಟ್ಟೆಯಲ್ಲಿ ಎರಡಡಿ ಸೀಟೊಂದಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಬೇಕು, ಮೇಲೂ ಕೆಳಗೂ ಸುತ್ತಲೂ ಸೇರಿ. ಕೆಳಬದಿ ಯಾರಿಗೂ ಕಾಣುವುದಿಲ್ಲವೆಂದು ಅಲ್ಲಿಗೆ ಅಗ್ಗದ ಬಟ್ಟೆ ಹಾಕುವ ಪದ್ಧತಿಯಿದೆ. ಅದರಿಂದ ಉಳಿಯುವುದು ಸ್ವಲ್ಪ, ಕಳೆದುಕೊಳ್ಳುವುದು ಬಹಳ. ಯಾಕೆಂದರೆ ಆಮೇಲೆ ಸೀಟನ್ನು ಮಗುಚಿ ಹಾಕುವಂತಿಲ್ಲ. ತಿಂಗಳಿಗೊಮ್ಮೆ ಮಗುಚಿ, ಮೂಲೆಯದನ್ನು ನಡುವಿಗೆ ನಡುವಿನದನ್ನು ಮೂಲೆಗೆ ಬದಲಿಸುತ್ತಾ ಹೋದರೆ ತಗ್ಗು ಬೀಳುವುದು ನಿಲ್ಲುವುದಿಲ್ಲ, ಆದರೆ ಮೂರಕ್ಕೂ ಹಂಚಿಹೋಗುತ್ತದೆ. ಹತ್ತಿ ಬಟ್ಟೆಯಾದರೆ ಹೊಲಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಫೋಮಿನ ಮೇಲೆ ಏರುವುದಿಲ್ಲ.

ಜಿಪ್ಪು

ನಮ್ಮ ಒಂಟಿ ಸೋಫಾಗಳ ಸೀಟುಗಳಿಗೆ ಜಿಪ್ಪಿಲ್ಲ. ಸುತ್ತಲೂ ಹೊಲಿದು ಮುಚ್ಚಿಬಿಟ್ಟಿದ್ದಾರೆ. ಕಾರ್ಖಾನೆಯವರಿಗೆ ಒಂದು ಜಿಪ್ಪಿನ ಖರ್ಚು ಉಳಿಯಿತು, ಕೊಂಡವರಿಗೆ ಒಳಗೇನಿದೆ ಎಂದು ನೋಡುವ ದಾರಿಯೇ ಮುಚ್ಚಿತು. ಉದ್ದದ್ದಕ್ಕೆ ಹಿಂಬದಿಯಲ್ಲಿ ಜಿಪ್ಪಿತ್ತು, ಅದಕ್ಕೇ ಇಷ್ಟೆಲ್ಲ ಸಾಧ್ಯವಾದದ್ದು. ನದಾಫ ಕಾಕಾ ಹೊಲಿದ ಗಾದಿಯನ್ನು ಯಾವಾಗ ಬೇಕಾದರೂ ಬಿಚ್ಚಬಹುದಿತ್ತು, ಅದು ಬಿಚ್ಚಲೆಂದೇ ಹೊಲಿದ ಹೊಲಿಗೆ. ಹೊಸ ಸೋಫಾ ಕೊಳ್ಳುವವರು ಯಾರಾದರೂ ನನ್ನ ಸಲಹೆ ಕೇಳಿದರೆ ಈಗ ಬಣ್ಣ, ಬ್ರಾಂಡು ಬಿಟ್ಟು ಮೊದಲು ಸೀಟಿನ ಹಿಂದೆ ಕೈ ಹಾಕಿ ನೋಡಿ ಅನ್ನುತ್ತೇನೆ. ಜಿಪ್ಪಿದ್ದು, ಸೀಟು ಬಿಡಿಬಿಡಿಯಾಗಿದ್ದರೆ ಮುಂದೆ ಒಂದೊಂದೇ ಬದಲಿಸಬಹುದು. ಇಲ್ಲದಿದ್ದರೆ ಒಂದು ಮೂಲೆ ಹೋದ ದಿನ ಎಲ್ಲವೂ ಹೋಯಿತು.

ರಿಪೇರಿ ಬೇಡ ಎನ್ನಬೇಕಾದ ಸೋಫಾಗಳೂ ಇವೆ. ಒತ್ತಿದ ಹುಡಿಮರದ ಹಲಗೆಯ ಚೌಕಟ್ಟು ಒಮ್ಮೆ ನೀರು ಕುಡಿದು ಉಬ್ಬಿದರೆ ಮೊಳೆ ಹಿಡಿಯುವುದಿಲ್ಲ. ಗೆದ್ದಲು ಹತ್ತಿದ ಮರಕ್ಕೆ ಹೊಸ ಫೋಮು ಹಾಕಿ ಪ್ರಯೋಜನವಿಲ್ಲ. ಚರ್ಮದಂತೆ ಕಾಣುವ ಅಗ್ಗದ ಹೊದಿಕೆ ಸಿಪ್ಪೆ ಏಳಲು ಶುರುವಾದರೆ ಬಣ್ಣ ಬಳಿದು, ಅಂಟು ಹಚ್ಚಿ ಉಳಿಸಲು ಬರುವುದಿಲ್ಲ, ತೇವಕ್ಕೆ ಮೇಲಿನ ಪದರವೇ ಒಡೆಯುತ್ತಾ ಹೋಗುತ್ತದೆ. ಅದನ್ನು ಬಿಚ್ಚಿ ಬೇರೆ ಬಟ್ಟೆ ಹಾಕಿಸುವುದೊಂದೇ ದಾರಿ.

ಕೆಲಸ ಮುಗಿದ ದಿನ ಹೊಸ ಫೋಮಿನ ಬದಿಯ ಮೇಲೆ ಮಾರ್ಕರಿನಿಂದ "40, 4 ಇಂಚು" ಎಂದೂ ತಿಂಗಳು, ವರ್ಷವನ್ನೂ ಬರೆಯಿಸಿ ಒಳಗೆ ತುರುಕಿಸಿದೆ. ಅಂಗಡಿಯ ರಸೀದಿ ಕಳೆದುಹೋಗುತ್ತದೆ, ಇದು ಹೋಗುವುದಿಲ್ಲ. ಅಮ್ಮ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಬಲಮೂಲೆ ಹಿಡಿದಿದ್ದಾರೆ. ಎಡಮೂಲೆಯ ಜಗಳ ಮಾತ್ರ ಹಾಗೇ ಇದೆ. ಒಂಟಿ ಸೋಫಾಗಳ ಹೊಲಿಗೆ ಬಿಚ್ಚಿ ಜಿಪ್ಪು ಕೂರಿಸಲು ಭಾಯ್ ಹೇಳಿದ ಕೂಲಿ ನನಗೆ ಹೆಚ್ಚೆನಿಸಿತು. ಎರಡು ಸಲ ಚೌಕಾಸಿ ಆಗಿದೆ. ದಸರೆ ದೀಪಾವಳಿಯವರೆಗೆ ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಹಬ್ಬ ಮುಗಿದ ಮೇಲೆ ಕೆಲಸ ಕಡಿಮೆಯಾಗುತ್ತದೆ, ಆಗ ಬನ್ನಿ, ರೇಟು ಮಾತಾಡೋಣ ಅಂದಿದ್ದಾರೆ.